ಎಂಟು ಸೆಕೆಂಡು ಹಿಂದಕ್ಕೆ

2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಟಿವೋ ಕಂಪನಿ ತನ್ನ ಟಿವಿ ರೆಕಾರ್ಡರ್ ಪೆಟ್ಟಿಗೆಗಳ ಮಾರಾಟವನ್ನು ನಿಲ್ಲಿಸಿತು. ಆ ಪೆಟ್ಟಿಗೆಯನ್ನು ನಮ್ಮಲ್ಲಿ ಕಂಡವರು ಕಡಿಮೆ, ಹೆಸರು ಕೇಳಿದವರೂ ಹೆಚ್ಚಿಲ್ಲ. ಬೆಂಗಳೂರಿನ ಮನೆಯಲ್ಲಿ ಕೂತು ಸುದ್ದಿ ಓದಿದ ನನಗೆ ಮಾತ್ರ ಅಮೆರಿಕದ ಸನ್ನಿವೇಲ್‌ನ ಒಂದು ಬಾಡಿಗೆ ಮನೆ, ಅಲ್ಲಿ ಕಳೆದ ಉದ್ದುದ್ದ ಮಧ್ಯಾಹ್ನಗಳು, ನಮ್ಮತ್ತೆ ಎಲ್ಲ ಒಟ್ಟಿಗೇ ನೆನಪಾದವು. ನಾನು ಕಣ್ಣಾರೆ ಕಾಣದ ಮಾವನವರ ದನಿಯನ್ನು ಮೊದಲು ಕೇಳಿದ್ದು ಆ ಪೆಟ್ಟಿಗೆಯ ಮೂಲಕವೇ.

ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯಲ್ಲಿದ್ದ ಮೈಕ್ ರಾಮ್ಸೆ ಮತ್ತು ಜಿಮ್ ಬಾರ್ಟನ್ 1997ರಲ್ಲಿ ಈ ಕಂಪನಿ ಕಟ್ಟಿದರು. 1999ರಲ್ಲಿ ಪೆಟ್ಟಿಗೆ ಮಾರುಕಟ್ಟೆಗೆ ಬಂತು. ವಿಸಿಆರ್‌ನ ಕ್ಯಾಸೆಟ್ ಇದ್ದ ಜಾಗದಲ್ಲಿ ಇದಕ್ಕೆ ಹಾರ್ಡ್ ಡಿಸ್ಕ್. ಕಾರ್ಯಕ್ರಮದ ಹೆಸರು ಹೇಳಿಟ್ಟರೆ ಸಾಕು, ಯಾವ ಚಾನೆಲ್‌ನಲ್ಲಿ ಯಾವ ಹೊತ್ತಿಗೆ ಬಂದರೂ ಹುಡುಕಿ ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಓಡುತ್ತಿರುವ ಟಿವಿಯನ್ನೇ ನಿಲ್ಲಿಸಿ ಎದ್ದುಹೋಗಿ ಬಂದು ಮುಂದುವರಿಸಬಹುದಿತ್ತು. ರಿಮೋಟ್‌ನಲ್ಲಿ ಒಂದು ಗುಂಡಿಯಿತ್ತು, ಒತ್ತಿದರೆ ಚಿತ್ರ ಎಂಟು ಸೆಕೆಂಡು ಹಿಂದಕ್ಕೆ ಹೋಗುತ್ತಿತ್ತು. ಮಾತು ಸರಿಯಾಗಿ ಕೇಳಿಸದಿದ್ದರೆ ಇನ್ನೊಮ್ಮೆ ಕೇಳಲಿ ಎಂದು ಇಟ್ಟದ್ದು. ನಮ್ಮ ಮನೆಯಲ್ಲಿ ಆ ಗುಂಡಿ ಮಾಡಿದ ಕೆಲಸವೇ ಬೇರೆ.

2007ರಲ್ಲಿ ನಾನು ಎಚ್-4 ವೀಸಾದ ಮೇಲೆ ಅಲ್ಲಿದ್ದೆ. ಗಂಡನ ಕೆಲಸದ ವೀಸಾಕ್ಕೆ ಅಂಟಿಕೊಂಡ ಹೆಂಡತಿಯ ವೀಸಾ ಅದು. ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕೆಲಸ ಮಾಡಿದವಳಿಗೆ ಅಲ್ಲಿ ಸಂಬಳದ ಕೆಲಸ ಮಾಡುವ ಹಕ್ಕಿರಲಿಲ್ಲ. ಅಂಥ ಹೆಂಗಸರಲ್ಲಿ ಕೆಲವರಿಗಾದರೂ ಅನುಮತಿ ಸಿಕ್ಕಿದ್ದು 2015ರಲ್ಲಿ. ಅಷ್ಟರಲ್ಲಿ ನಾವು ಊರಿಗೆ ಮರಳಿ ಆಗಿತ್ತು. ಅಕ್ಕಪಕ್ಕದ ಮನೆಗಳಲ್ಲೂ ನನ್ನಂಥವರೇ. ಓದಿದ ಹೆಂಗಸರು, ಹಗಲಿಡೀ ಮುಚ್ಚಿದ ಬಾಗಿಲು, ನೆಲಕ್ಕೆ ಕಾರ್ಪೆಟ್. ಸಂಜೆ ಪಾರ್ಕಿನಲ್ಲಿ ಸಿಕ್ಕಾಗ ಎಲ್ಲರೂ ಚೆನ್ನಾಗಿಯೇ ಇದ್ದೇವೆ ಎಂದು ಹೇಳಿಕೊಳ್ಳುತ್ತಿದ್ದೆವು. ಆ ದಿನಗಳು ಚೆನ್ನಾಗಿರಲಿಲ್ಲ ಎಂದು ಇವತ್ತು ಹೇಳಲು ನನಗೆ ಸಂಕೋಚವಿಲ್ಲ. ಕೈಗೆ, ತಲೆಗೆ ಕೆಲಸ ಬೇಕಿತ್ತು. ಇವರು ಟಿವೋ ತಂದಿದ್ದು ಬೇಸ್‌ಬಾಲ್ ನೋಡಲು. ಅದನ್ನು ಕೆಲಸಕ್ಕೆ ಹಚ್ಚಿದವಳು ನಾನು.

ಊರಿನಿಂದ ಬಂದವರೊಬ್ಬರ ಕೈಯಲ್ಲಿ ಅತ್ತೆ ಎರಡು ವಿಸಿಡಿ ಕಳಿಸಿದ್ದರು. 1994ರಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಅಂಗಳದಲ್ಲಿ ನಡೆದ ನನ್ನ ನಾದಿನಿಯ ಮದುವೆ. ಮೊದಲು ವಿಎಚ್ಎಸ್ ಕ್ಯಾಸೆಟ್‌ನಲ್ಲಿತ್ತು. ಕ್ಯಾಸೆಟ್ಟಿಗೆ ಬೂಸಲು ಹಿಡಿಯತೊಡಗಿದಾಗ ಶಿವಮೊಗ್ಗದ ಅಂಗಡಿಯೊಂದರಲ್ಲಿ ವಿಸಿಡಿಗೆ ಹಾಕಿಸಿದ್ದರು. ಆ ಮದುವೆಯಾಗಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮಾವ ತೀರಿಕೊಂಡಿದ್ದರು. ನಾನು ಆ ಮನೆಗೆ ಕಾಲಿಟ್ಟಾಗ ಅವರು ಜಗಲಿಯ ಗೋಡೆಯ ಮೇಲಿನ ಫೋಟೊ ಮಾತ್ರ.

ವಿಸಿಡಿಯನ್ನು ಕಂಪ್ಯೂಟರಿನಲ್ಲಿ ನೋಡಬಹುದಿತ್ತು. ಆದರೆ ಅತ್ತೆ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬರುವವರಿದ್ದರು. ಅವರನ್ನು ಮೂಲೆಯ ಮೇಜಿನ ಮುಂದೆ ಕುರ್ಚಿಯಲ್ಲಿ ಕೂರಿಸಿ ಮಗಳ ಮದುವೆ ತೋರಿಸುವುದು ನನಗೆ ಸರಿ ಕಾಣಲಿಲ್ಲ. ಸೋಫಾದ ಮೇಲೆ ಕಾಲು ಮಡಚಿ ಕೂತು, ದೊಡ್ಡ ಟಿವಿಯಲ್ಲಿ, ಕೈಯಲ್ಲಿ ರಿಮೋಟ್ ಹಿಡಿದು ಅವರು ನೋಡಬೇಕಿತ್ತು.

ದಾರಿ ಸುಲಭವಿರಲಿಲ್ಲ. ಭಾರತದ ವಿಡಿಯೋ ಪಾಲ್ ಪದ್ಧತಿಯದು, ಸೆಕೆಂಡಿಗೆ 25 ಚಿತ್ರ. ಅಮೆರಿಕದ ಎನ್‌ಟಿಎಸ್‌ಸಿಯಲ್ಲಿ 30ಕ್ಕೆ ಒಂದಿಷ್ಟು ಕಡಿಮೆ, ಗೆರೆಗಳ ಲೆಕ್ಕವೂ ಬೇರೆ. ಊರಿಂದ ಮದುವೆಯ ಕ್ಯಾಸೆಟ್ ಹೊತ್ತು ತಂದು, ಅಲ್ಲಿನ ವಿಸಿಆರ್‌ಗೆ ಹಾಕಿ, ಬರೀ ಗೆರೆ ಓಡುವುದನ್ನು ನೋಡಿ ಕಣ್ಣೀರು ಹಾಕಿದವರು ನಮ್ಮ ಕಾಲದಲ್ಲಿ ಎಷ್ಟೋ ಜನ. ವಿಸಿಡಿಯೊಳಗಿನ ಡ್ಯಾಟ್ ಫೈಲಿನಲ್ಲಿದ್ದದ್ದು ಎಂಪೆಗ್-1, 352 ಅಡ್ಡ, 288 ಉದ್ದದ ಪುಟ್ಟ ಚಿತ್ರ. ನಮ್ಮ ಸೀರೀಸ್ 2 ಪೆಟ್ಟಿಗೆಗೆ ಎಂಪೆಗ್-2 ಬೇಕು, ಅದೂ ಅದರದೇ ಅಳತೆಯಲ್ಲಿ. ಯೂಟ್ಯೂಬ್ ಬಂದಿತ್ತು ನಿಜ, ಆದರೆ ಆಗ ಒಂದು ವಿಡಿಯೋಕ್ಕೆ ಹತ್ತು ನಿಮಿಷದ ಮಿತಿ. ಟಿವೋಗಾದರೋ ಅದು ತಾನೇ ಹಿಡಿದ ಕಾರ್ಯಕ್ರಮವೇ ಲೋಕ. ಮನೆಯವರ ಕೈಯಲ್ಲಿರುವ ಫೈಲಿಗೆ ಅಲ್ಲಿ ಸಲೀಸಾದ ದಾರಿ ಇರಲಿಲ್ಲ.

ದಾರಿ ತೋರಿಸಿದವನು ಮೇಲಿನ ಮಹಡಿಯಲ್ಲಿದ್ದ ಹುಬ್ಬಳ್ಳಿ ಕಡೆಯ ಹುಡುಗ. ಪೈಟಿವೋ ಎಂಬ ತಂತ್ರಾಂಶವಿತ್ತು. ಯಾರೋ ಉತ್ಸಾಹಿಗಳು ಪೈಥಾನ್ ಭಾಷೆಯಲ್ಲಿ ಬರೆದು ಪುಕ್ಕಟೆ ಹಂಚಿದ್ದು. ಕಂಪ್ಯೂಟರಿನಲ್ಲಿ ಅದನ್ನು ಓಡಿಸಿದರೆ, ಟಿವೋದ ಕಾರ್ಯಕ್ರಮಗಳ ಪಟ್ಟಿಯ ತೀರ ಕೆಳಗೆ ನಮ್ಮ ಕಂಪ್ಯೂಟರಿನ ಹೆಸರೂ ಕಾಣಿಸಿಕೊಳ್ಳುತ್ತಿತ್ತು. ಒಳಗೆ ಹೋಗಿ ಫೈಲು ಆರಿಸಿದರೆ, ಎಫ್‌ಎಫ್ಎಂಪೆಗ್ ಎಂಬ ಇನ್ನೊಂದು ತಂತ್ರಾಂಶ ಅದನ್ನು ಅಲ್ಲಲ್ಲೇ ಮಾರ್ಪಡಿಸಿ ಪೆಟ್ಟಿಗೆಗೆ ಸಾಗಿಸುತ್ತಿತ್ತು. "ಅಕ್ಕಾರ, ಮೊದ್ಲ ಸಣ್ಣ ತುಣುಕು ಹಾಕಿ ನೋಡ್ರಿ. ದನಿ ಚಿತ್ರಕ್ಕ ಹೊಂದತೈತೋ ಇಲ್ಲೋ ಗೊತ್ತಾಕ್ಕತಿ" ಎಂದು ಆತ ಬಾಗಿಲಲ್ಲೇ ನಿಂತು ಹೇಳಿ ಆಫೀಸಿಗೆ ಓಡುತ್ತಿದ್ದ. ಉಳಿದದ್ದನ್ನೆಲ್ಲ ನಾನು ಓದಿ, ಪ್ರಯೋಗ ಮಾಡಿ ಕಲಿತೆ. ನಾನು ಎಂಜಿನಿಯರ್ ಎಂಬುದು ಎಷ್ಟೋ ಕಾಲದ ಮೇಲೆ ನನಗೇ ನೆನಪಾದ ದಿನಗಳವು.

ಅತ್ತೆ ಬಂದರು. ಮೊದಲ ಸಲ ವಿಮಾನ ಹತ್ತಿದವರು, ಸುಸ್ತಾಗಿದ್ದರು. ಒಂದೆರಡು ದಿನ ಬಿಟ್ಟು ಮಧ್ಯಾಹ್ನ ಊಟವಾದ ಮೇಲೆ ಟಿವಿ ಹಾಕಿದೆ. ಅಡಿಕೆ ಸೋಗೆಯ ಚಪ್ಪರ, ಬಾಳೆಕಂಬ, ಅಂಗಳದಲ್ಲಿ ಓಡಾಡುವ ಜನ. ಆ ಕಾಲದ ಮದುವೆ ವಿಡಿಯೋಗಳ ಹಾಗೆ ಇದರಲ್ಲೂ ಬಹುಪಾಲು ಮೂಲ ದನಿಯನ್ನು ಅಳಿಸಿ ಸಿನಿಮಾ ಹಾಡು ತುಂಬಿದ್ದರು. ಧಾರೆಯ ಹೊತ್ತಿನಲ್ಲಿ ಮತ್ತು ಊಟದ ಪಂಕ್ತಿಯ ಒಂದು ಭಾಗದಲ್ಲಿ ಮಾತ್ರ ನಿಜವಾದ ದನಿ ಉಳಿದಿತ್ತು. ಕ್ಯಾಮೆರಾ ಬಾಳೆಲೆಗಳ ಸಾಲಿನ ಮೇಲೆ ಹಾದುಹೋಗುವಾಗ ಚಿತ್ರದ ಹೊರಗಿನಿಂದ ಒಂದು ಗಂಡಸಿನ ದನಿ: "ಆ ಕಡೆ ಪಂಕ್ತಿಗೆ ಸಾರು ಹೋಗ್ಲಿಲ್ವನ್ರೋ! ಬಡಿಸ್ರೋ ಬೇಗ!"

ಅತ್ತೆ ನೆಟ್ಟಗೆ ಕೂತರು. "ಇವರದ್ದು" ಎಂದರು.

ನಾನು ಗುಂಡಿ ಒತ್ತಿದೆ. ಎಂಟು ಸೆಕೆಂಡು ಹಿಂದಕ್ಕೆ. ದನಿ ಮತ್ತೆ ಬಂತು. ಅತ್ತೆ ಕೈ ಚಾಚಿ ರಿಮೋಟ್ ಇಸಿದುಕೊಂಡರು. ಆ ಮಧ್ಯಾಹ್ನ ಅವರು ಎಷ್ಟು ಸಲ ಆ ಗುಂಡಿ ಒತ್ತಿದರೋ. ಅಳಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, "ನೀನು ಇವರ ಮಾತು ಕೇಳಿರ್ಲೇ ಇಲ್ಲ ಅಲ್ಲನೆ? ಹೀಗೇ ಮಾರಾಯ್ತಿ, ಎಲ್ಲದಕ್ಕೂ ಅವಸರ" ಎಂದರು. ಫೋಟೊದೊಳಗಿನ ಆ ಬಿಗಿಮುಖದ ಮನುಷ್ಯ, ಬಂದವರ ಎಲೆಗೆ ಸಾರು ಬಿದ್ದಿಲ್ಲ ಎಂದು ಚಡಪಡಿಸುವ ನನ್ನ ಮಾವನಾದದ್ದು ಆಗ.

ಟಿವೋದ ಡಿಸ್ಕ್ ತುಂಬಿದಾಗ ಹಳೆಯದನ್ನು ತಾನೇ ಅಳಿಸಿ ಹೊಸದಕ್ಕೆ ಜಾಗ ಮಾಡಿಕೊಳ್ಳುತ್ತಿತ್ತು. ನಾವೇ ಅಳಿಸುವ ತನಕ ಇರಲಿ ಎಂದು ಹೇಳಿಟ್ಟರೆ ಆ ಹೆಸರಿನ ಪಕ್ಕ ಒಂದು ಹಸಿರು ಚುಕ್ಕೆ ಬರುತ್ತಿತ್ತು. ಮದುವೆಗೆ ಹಸಿರು ಚುಕ್ಕೆ ಹಾಕಿದೆ. ಆದರೆ ಪಟ್ಟಿಯಲ್ಲಿ ಬೇರೆ ಕಾರ್ಯಕ್ರಮಗಳಿಗೆಲ್ಲ ಹೆಸರು, ವಿವರಣೆ, ನಟನಟಿಯರ ಪಟ್ಟಿ ಇತ್ತು. ನಮ್ಮ ಮದುವೆಗೆ ಫೈಲಿನ ಹೆಸರೊಂದು ಬಿಟ್ಟರೆ ಏನೂ ಇಲ್ಲ. ಪೈಟಿವೋದಲ್ಲಿ ಅದಕ್ಕೂ ಉಪಾಯವಿತ್ತು. ವಿಡಿಯೋ ಪಕ್ಕದಲ್ಲೇ ಅದೇ ಹೆಸರಿನ ಒಂದು ಸಾದಾ ಪಠ್ಯದ ಫೈಲು ಇಟ್ಟು, ಅದರಲ್ಲಿ ಶೀರ್ಷಿಕೆ, ವಿವರಣೆ, ಪಾತ್ರಧಾರಿಗಳು ಎಂದು ಸಾಲು ಸಾಲಾಗಿ ಬರೆದರೆ ಟಿವಿಯ ಪರದೆಯ ಮೇಲೆ ಎಲ್ಲ ಬರುತ್ತಿತ್ತು. ಪಾತ್ರಧಾರಿಗಳ ಸಾಲಿನಲ್ಲಿ ಮೊದಲು ಮನೆತನದ ಹೆಸರು, ನಡುವೆ ಒಂದು ನಿಂತ ಗೆರೆ, ಆಮೇಲೆ ವ್ಯಕ್ತಿಯ ಹೆಸರು. ನಮ್ಮ ಮಲೆನಾಡಿನಲ್ಲೂ ಮನುಷ್ಯರನ್ನು ಕರೆಯುವುದು ಹಾಗೆಯೇ, ಮನೆಯ ಹೆಸರು ಮೊದಲು.

"ಅತ್ತೆ, ಇದರಲ್ಲಿ ಇರುವವರ ಹೆಸರೆಲ್ಲ ಬರೆಯೋಣವಾ?" ಎಂದು ಕೇಳಿದೆ.

"ಎಲ್ಲಾರದ್ದಾ? ಊರಿಗೆ ಊರೇ ಇದೆಯಲ್ಲೇ ಅದರಲ್ಲಿ!" ಎಂದರು. ಆದರೆ ಮರುದಿನ ಪಾತ್ರೆ ತೊಳೆದು ಕೈ ಒರೆಸಿಕೊಂಡು ಅವರೇ ಮೊದಲು ಬಂದು ಸೋಫಾದ ಮೇಲೆ ಕೂತಿದ್ದರು.

ಹಾಗೆ ಶುರುವಾಯಿತು. ಅವರ ಕೈಯಲ್ಲಿ ರಿಮೋಟ್, ನನ್ನ ತೊಡೆಯ ಮೇಲೆ ನೋಟ್‌ಬುಕ್. ಯಾರೋ ಹಾದುಹೋದರೆ ಎಂಟು ಸೆಕೆಂಡು ಹಿಂದಕ್ಕೆ. ಗುರುತು ಸಿಕ್ಕರೆ ಹೆಸರು, ಸಂಬಂಧ, ಊರು. ಹೆಸರಿನ ಹಿಂದೆ ಕತೆ. ಯಾರು ಯಾರ ಮನೆಗೆ ಕೊಟ್ಟ ಹೆಣ್ಣು, ಯಾರು ಗದ್ದೆಯ ವ್ಯಾಜ್ಯದಿಂದ ಹತ್ತು ವರ್ಷ ಮಾತು ಬಿಟ್ಟವರು ಈ ಮದುವೆಗೆಂದು ಬಂದವರು, ಯಾರು ಆ ವರ್ಷದ ಮಳೆಯಲ್ಲಿ ಹೊಳೆ ದಾಟುವಾಗ ಹೋದವರು. ಒಂದು ಕಡೆ ಅಡುಗೆಮನೆಯ ಬಾಗಿಲ ಮರೆಯಿಂದ ಬಳೆ ತೊಟ್ಟ ಒಂದು ಕೈ ಮಾತ್ರ ಚಾಚಿ ತಟ್ಟೆ ಕೊಡುತ್ತದೆ, ಮುಖವಿಲ್ಲ. "ಅದು ನನ್ನ ಅಕ್ಕನ ಕೈ. ಕಡುಬಿನ ಹಬೆ ತಾಗಿ ಮಣಿಕಟ್ಟಿನ ಮೇಲೆ ಕಲೆ ಇತ್ತು, ನೋಡು" ಎಂದರು. 288 ಗೆರೆಯ ಆ ಮಸುಕು ಚಿತ್ರದಲ್ಲಿ ಕಲೆ ನನಗೆ ಕಾಣಲಿಲ್ಲ. ಅವರಿಗೆ ಕಂಡಿತ್ತು.

ಕೂತು ಬರೆಯುತ್ತ ಹೋದ ಹಾಗೆ ಆ ವಿಡಿಯೋ ಯಾರನ್ನು ನೋಡಿದೆ, ಯಾರನ್ನು ಬಿಟ್ಟಿದೆ ಎಂಬುದೂ ಕಾಣತೊಡಗಿತು. ಕ್ಯಾಮೆರಾದವನ ಫೋಕಸ್ ಲೈಟು ಮುಯ್ಯಿ ಕೊಡಲು ಬಂದವರ ಮುಖದ ಮೇಲೆ ನಿಲ್ಲುತ್ತಿತ್ತು. ಹಣ ಕೊಡುವ ಮನೆಯ ಯಜಮಾನ ಎತ್ತ ಬೊಟ್ಟು ಮಾಡಿದರೆ ಅತ್ತ. ಬೆಳಗಿನ ಜಾವದಿಂದ ಹೊಗೆಯಲ್ಲಿ ಬೆಂದ ಹೆಂಗಸರು ಬಾಗಿಲ ಸಂದಿನಲ್ಲಿ ಒಂದು ಕ್ಷಣ. ಬಾಳೆಲೆ ಹೊತ್ತು ತಂದವರು, ಹಂಡೆಗೆ ನೀರು ತುಂಬಿದವರು, ಜನರೇಟರಿನ ಪಕ್ಕ ರಾತ್ರಿಯೆಲ್ಲ ಕೂತವರು ಅಂಗಳದ ಅಂಚಿನಲ್ಲಿ ಕತ್ತಲೆಯ ಆಕಾರಗಳು. ಅಲ್ಲಿಗೆ ಬಂದಾಗ ಅತ್ತೆ, "ಅದು ಆಳುಗಳು" ಎಂದು ಮುಂದಕ್ಕೆ ಓಡಿಸಹೊರಟರು.

"ಅವರ ಹೆಸರು ಗೊತ್ತಿಲ್ಲವಾ ಅತ್ತೆ?"

ಅವರು ನನ್ನ ಮುಖ ನೋಡಿದರು. "ಗೊತ್ತಿಲ್ದೆ ಎಂತ? ಇಪ್ಪತ್ತೈದು ವರ್ಷ ನನ್ನ ಅಂಗಳದಲ್ಲಿ ದುಡಿದವರು." ಎಂಟು ಸೆಕೆಂಡು ಹಿಂದಕ್ಕೆ. ಒಬ್ಬೊಬ್ಬರನ್ನಾಗಿ ಹೇಳಿದರು. ಹೆಸರು, ಹೆಂಡತಿಯ ಹೆಸರು, ಮಕ್ಕಳು, ಯಾವ ಮಗ ಈಗ ಭದ್ರಾವತಿಯಲ್ಲಿದ್ದಾನೆ, ಯಾವ ಮಗಳು ಟೀಚರಾದಳು. ಎಲ್ಲ ಗೊತ್ತಿತ್ತು. ಬರೆಯುವಾಗ ಮಾತ್ರ ಆ ಹೆಸರುಗಳು ಪಟ್ಟಿಗೆ ಬರುವಂಥವು ಎಂದು ಅವರಿಗೆ ಅನಿಸಿರಲಿಲ್ಲ. ಹಾಗೆ ಅನಿಸದಂತೆ ನಮ್ಮ ಮನೆಗಳು ಅವರನ್ನು ಬೆಳೆಸಿದ್ದವು. ಆ ಮದುವೆಯ ಊಟದಲ್ಲಿ ಅವರ ಪಂಕ್ತಿ ಎಲ್ಲಿ ಕೂತಿತ್ತು, ಯಾವ ಹೊತ್ತಿಗೆ ಕೂತಿತ್ತು ಎಂದೂ ಕೇಳಿದೆ. ಕೊಟ್ಟಿಗೆಯ ಆಚೆ, ಎಲ್ಲರದೂ ಆದ ಮೇಲೆ. ಅತ್ತೆ ಇದನ್ನು ದನಿ ತಗ್ಗಿಸಿ ಹೇಳಿದರು. "ಆಗ ಹಂಗೇ ಇತ್ತು. ಸರಿಯಿತ್ತು ಅಂತ ನಾನು ಹೇಳೂದಿಲ್ಲ" ಎಂದರು. ಮಾವನ ಆ ಅಕ್ಕರೆಯ ಕೂಗು ನನಗೆ ಇವತ್ತಿಗೂ ಪ್ರಿಯವೇ. ಆದರೆ ಆ ಸಾರಿನ ಕಾಳಜಿ ಕೊಟ್ಟಿಗೆಯ ಆಚೆಗೆ ಎಷ್ಟು ತಲುಪಿತ್ತು ಎಂಬ ಪ್ರಶ್ನೆಯೂ ಅದರ ಜೊತೆಗೇ ಬರುತ್ತದೆ. ಎರಡನ್ನೂ ಬರೆದಿಟ್ಟೆ.

ಟಿವಿಯ ಪರದೆಗೆಂದು ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದೆ. ಕತೆಗಳು ಅಲ್ಲಿ ಹಿಡಿಸುವಂತಿರಲಿಲ್ಲ. ಅವನ್ನು 'ಬರಹ' ತಂತ್ರಾಂಶದಲ್ಲಿ ಕನ್ನಡದಲ್ಲೇ, ಯೂನಿಕೋಡ್‌ನಲ್ಲಿ, ಇನ್ನೊಂದು ಸಾದಾ ಪಠ್ಯದ ಫೈಲಿಗೆ ಹಾಕಿದೆ. ಎಷ್ಟನೇ ನಿಮಿಷ, ಯಾರು, ಏನು ಮಾಡುತ್ತಿದ್ದಾರೆ, ಅತ್ತೆ ಏನು ಹೇಳಿದರು. ವಾರಾಂತ್ಯಕ್ಕೆ ಗೆಳೆಯರು ಬಂದಾಗ ಟಿವೋದಲ್ಲಿ ಊರಿನ ಮದುವೆ ಬರುವುದನ್ನು ನೋಡಿ ಬೆರಗಾಗುತ್ತಿದ್ದರು. ಯಾವ ತಂತ್ರಾಂಶ, ಎಷ್ಟು ಬಿಟ್‌ರೇಟ್, ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದರು. ಅತ್ತೆಯನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮನೆಯಲ್ಲಿ ನಡೆದ ಎರಡು ಕೆಲಸಗಳಲ್ಲಿ ಹೆಚ್ಚಿನದು ಯಾವುದು ಎಂದು ಆಗ ನಮಗೆ ತಿಳಿದಿರಲಿಲ್ಲ.

ಆ ಪೆಟ್ಟಿಗೆಯನ್ನು ಈಗ ನಾನು ಬರೀ ಅಕ್ಕರೆಯಿಂದ ನೋಡಲಾರೆ. ಅದರೊಳಗೆ ಓಡುತ್ತಿದ್ದದ್ದು ಲಿನಕ್ಸ್, ಸಾವಿರಾರು ಜನ ಬರೆದು ಲೋಕಕ್ಕೆ ಕೊಟ್ಟ ಸ್ವತಂತ್ರ ತಂತ್ರಾಂಶ. ಕಂಪನಿ ಅದರ ಜಿಪಿಎಲ್ ಪರವಾನಗಿಯ ಮಾತಿನಂತೆ ಆಕರವನ್ನು ಹಂಚುತ್ತಿತ್ತು. ಆದರೆ ಯಾರಾದರೂ ಅದನ್ನು ತಿದ್ದಿ ತಮ್ಮದೇ ಪೆಟ್ಟಿಗೆಗೆ ಹಾಕಿದರೆ, ಕಂಪನಿಯ ಸಹಿ ಇಲ್ಲವೆಂದು ಪೆಟ್ಟಿಗೆ ಓಡಲು ಒಪ್ಪುತ್ತಿರಲಿಲ್ಲ. ಈ ಬಗೆಯ ಬೀಗಕ್ಕೆ ಸ್ವತಂತ್ರ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ 'ಟಿವೋಯಿಸೇಷನ್' ಎಂದೇ ಹೆಸರಿಟ್ಟರು. 2007ರ ಜೂನ್‌ನಲ್ಲಿ ಬಂದ ಜಿಪಿಎಲ್ ಪರವಾನಗಿಯ ಮೂರನೆಯ ಆವೃತ್ತಿ ಅದನ್ನು ತಡೆಯುವ ಷರತ್ತು ಸೇರಿಸಿತು. ನಾವು ಸನ್ನಿವೇಲ್‌ನಲ್ಲಿ ಹೆಸರು ಬರೆಯುತ್ತ ಕೂತಿದ್ದ ದಿನಗಳವೇ. ಟಿವೋ ಹಿಡಿದ ಕಾರ್ಯಕ್ರಮಗಳನ್ನು ಕಂಪ್ಯೂಟರಿಗೆ ತೆಗೆದುಕೊಂಡರೂ ಖಾತೆಗೆ ಕಟ್ಟಿದ ಕೀಲಿ ಸಂಖ್ಯೆಯಿಲ್ಲದೆ ಅವು ತೆರೆಯುತ್ತಿರಲಿಲ್ಲ. 'ಆಜೀವ' ಚಂದಾ ಎಂದು ಹಣ ಕಟ್ಟಿಸಿಕೊಳ್ಳುತ್ತಿದ್ದರು. ಆ ಜೀವ ಪೆಟ್ಟಿಗೆಯದು, ಕೊಂಡವರದಲ್ಲ. 2009ರ ಜೂನ್ 12ರಂದು ಅಮೆರಿಕದ ದೊಡ್ಡ ಟಿವಿ ಕೇಂದ್ರಗಳ ಅನಲಾಗ್ ಪ್ರಸಾರ ನಿಂತಿತು. ನಮ್ಮ ಪೆಟ್ಟಿಗೆಯಂಥವು ಅಲ್ಲಿಗೆ ಹಳೆಯವಾದವು. ಊರಿಗೆ ಹೊರಡುವಾಗ ಅದನ್ನು ಯಾರಿಗೋ ಕೊಟ್ಟು ಬಂದೆವು. ಭಾರತದಲ್ಲಿ ಅದಕ್ಕೆ ವಿದ್ಯುತ್ತೂ ಹೊಂದುವುದಿಲ್ಲ, ಕಾರ್ಯಕ್ರಮಗಳ ಪಟ್ಟಿಯೂ ಬರುವುದಿಲ್ಲ. ಇವರು ಹಿಡಿದಿಟ್ಟ ಬೇಸ್‌ಬಾಲ್ ಆಟಗಳೆಲ್ಲ ಅದರೊಟ್ಟಿಗೇ ಹೋದವು. ಉಳಿದದ್ದು ನಮ್ಮ ಕಂಪ್ಯೂಟರಿನಲ್ಲಿದ್ದ ಆ ಡ್ಯಾಟ್ ಫೈಲುಗಳು ಮತ್ತು ಅವುಗಳ ಪಕ್ಕದ ಪಠ್ಯದ ಫೈಲುಗಳು.

ಆಮೇಲೆ ಎಷ್ಟು ಯಂತ್ರ ಬದಲಾದವು. ವಿಡಿಯೋವನ್ನು ಹೊಸ ನಮೂನೆಗೆ ಮತ್ತೆ ಮತ್ತೆ ಮಾರ್ಪಡಿಸಬೇಕಾಯಿತು. ಪಠ್ಯದ ಫೈಲನ್ನು ಮುಟ್ಟಬೇಕಾಗಲೇ ಇಲ್ಲ. ಅಂದು ತೆರೆದ ಹಾಗೆಯೇ ಇಂದು ಫೋನಿನಲ್ಲೂ ತೆರೆಯುತ್ತದೆ.

ಅತ್ತೆ ಹೋಗಿ ವರ್ಷಗಳಾದವು. ಟಿವೋ ಸುದ್ದಿ ಬಂದ ಕೆಲವೇ ದಿನಕ್ಕೆ ನನ್ನ ಗಂಡನ ದೊಡ್ಡಪ್ಪನ ಮಗಳ ಮಗಳು ಫೋನ್ ಮಾಡಿದಳು. ಅವಳಿಗೆ ಮದುವೆ ಗೊತ್ತಾಗಿತ್ತು. ಹಾಲು ಕುಡಿಯುವ ಮಗುವಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡವಳು. "ಅತ್ತೆ, ಅಮ್ಮನ ಫೋಟೊ ನಾಲ್ಕೈದು ಇವೆ. ವಿಡಿಯೋ ಏನಾದ್ರೂ ನಿಮ್ಮ ಹತ್ರ ಇರಬಹುದಾ?" ಎಂದು ಕೇಳಿದಳು. ಆ ಮದುವೆಯಲ್ಲಿ ಅವಳ ತಾಯಿಯನ್ನು ನಾನು ಗುರುತಿಸಲಾರೆ. ನಾನು ನೋಡುವಾಗ ಆಕೆಗೆ ಮದುವೆಯಾಗಿ ರೂಪ ಬದಲಾಗಿತ್ತು. ನನ್ನ ಗಂಡನಿಗೂ ನೆನಪಿರಲಿಲ್ಲ. ಪಠ್ಯದ ಫೈಲು ತೆರೆದು ಹೆಸರು ಹುಡುಕಿದೆ. ಸಿಕ್ಕಿತು. ಎರಡನೆಯ ಡಿಸ್ಕ್, ಊಟದ ಪಂಕ್ತಿ: "ನೀರಿನ ಚೊಂಬು ಹಿಡಿದವಳು, ಹಸಿರು ಲಂಗ, ಬೆನ್ನು ಮಾತ್ರ ಕಾಣುವುದು. ಆಮೇಲೆ ತಿರುಗುತ್ತಾಳೆ."

ಹಾಕಿ ನೋಡಿದೆ. ಬೆನ್ನು ಮಾಡಿ ನಿಂತ ಒಂದು ಹುಡುಗಿ. ಅದು ದನಿ ಉಳಿದ ಭಾಗ. "ನೀರು ಹಾಕ್ಲಾ ದೊಡ್ಡಮ್ಮ?" ಎಂದು ಬಾಗಿ ಕೇಳಿ, ತಿರುಗಿ, ಕ್ಯಾಮೆರಾ ಕಂಡು ನಾಚಿ ಸರಿದುಹೋಗುತ್ತಾಳೆ. ಅಷ್ಟೇ. ಅದನ್ನು ಕತ್ತರಿಸಿ ಕಳಿಸಿದೆ. ರಾತ್ರಿ ಅವಳ ಸಂದೇಶ ಬಂತು: "ಅಮ್ಮನ ಸ್ವರ ನನ್ನ ಸ್ವರದ ಹಾಗೇ ಇದೆ ಅತ್ತೆ. ನನಗೆ ಯಾರೂ ಹೇಳಿರಲಿಲ್ಲ."

ಆ ಎರಡು ಸಾಲನ್ನು ಅತ್ತೆ ಹೇಳಿ ನಾನು ಬರೆಯದಿದ್ದರೆ ಆ ಹುಡುಗಿ ಇವತ್ತು ಯಾರೂ ಅಲ್ಲ. ಚಿತ್ರವಿರುತ್ತಿತ್ತು, ದನಿಯೂ ಇರುತ್ತಿತ್ತು, ಅದು ಒಬ್ಬಳ ತಾಯಿ ಎಂದು ಹೇಳುವವರು ಇರುತ್ತಿರಲಿಲ್ಲ.

ಈಗ ಮದುವೆಗೆ ಹೋದವರೆಲ್ಲರ ಕೈಯಲ್ಲೂ ಕ್ಯಾಮೆರಾ. ಪಾಲ್, ಎನ್‌ಟಿಎಸ್‌ಸಿ ಎಂದು ಯಾರೂ ಒದ್ದಾಡಬೇಕಿಲ್ಲ. ಯಾವ ವಿಡಿಯೋವನ್ನಾದರೂ ಯಾವ ಟಿವಿಯಲ್ಲಾದರೂ ಹಾಕಬಹುದು. ಬಾಗಿಲ ಮರೆಯ ಹೆಂಗಸರೂ ಅಂಗಳದ ಅಂಚಿನವರೂ ಇವತ್ತು ತಮ್ಮ ವಿಡಿಯೋ ತಾವೇ ತೆಗೆಯುತ್ತಾರೆ. ಇದು ನಿಜವಾಗಿ ಒಳ್ಳೆಯದಾದ ಸಂಗತಿ, ಹಳೆಯ ಕಾಲದ ಮೇಲಿನ ಪ್ರೀತಿಗಾಗಿ ನಾನು ಇದನ್ನು ಬಿಟ್ಟುಕೊಡಲಾರೆ. ಆದರೆ ಹೆಸರು ಬರೆಯುವವರು ಕಾಣುವುದಿಲ್ಲ. ಫೋನು ಒಂದೇ ಮುಖವನ್ನು ಸಾವಿರ ಚಿತ್ರಗಳಲ್ಲಿ ಹುಡುಕಿ ಒಟ್ಟುಗೂಡಿಸುತ್ತದೆ, ಆಮೇಲೆ ಇದು ಯಾರು ಎಂದು ನಮ್ಮನ್ನೇ ಕೇಳುತ್ತದೆ. ಉತ್ತರ ಇನ್ನೂ ಮನುಷ್ಯರ ಹತ್ತಿರವೇ ಇದೆ.

ಆದ್ದರಿಂದ ಈಗ ಊರಿಗೆ ಹೋದಾಗಲೆಲ್ಲ ವಯಸ್ಸಾದವರ ಪಕ್ಕ ಕೂತು ಹಳೆಯ ವಿಡಿಯೋ ಹಾಕುತ್ತೇನೆ. ನಮ್ಮ ಮನೆಯದ್ದೇ ಆಗಬೇಕೆಂದಿಲ್ಲ. ಹಿಂದಿನ ಸಾಲಿನಲ್ಲಿರುವವರನ್ನು, ಅಂಚಿನಲ್ಲಿರುವವರನ್ನು ಮೊದಲು ಕೇಳುತ್ತೇನೆ. ಮುಂದಿನ ಸಾಲಿನವರನ್ನು ಹೇಗೂ ನಾಲ್ಕು ಜನ ಬಲ್ಲರು. ನಿಮ್ಮ ಮನೆಯಲ್ಲೂ ಒಂದು ಮದುವೆಯ ವಿಡಿಯೋ ಇದ್ದೇ ಇರುತ್ತದೆ. ಅದರ ಮುಂದೆ ಕೂತು ಗುರುತು ಹೇಳಬಲ್ಲ ಒಬ್ಬರಾದರೂ ಇನ್ನೂ ಇದ್ದರೆ, ಅವರ ಕೈಗೆ ರಿಮೋಟ್ ಕೊಡಿ, ನೀವು ಪೆನ್ನು ಹಿಡಿಯಿರಿ. ಯಂತ್ರದ ಕೆಲಸವನ್ನು ನಾಳೆ ಯಾರು ಬೇಕಾದರೂ ಮಾಡಿಕೊಡುತ್ತಾರೆ. ಈ ಕೆಲಸ ಅವರು ಇರುವಾಗಲೇ ಆಗಬೇಕು.